ಮರಮೀನಿಗೊಂದು ಉದ್ದನೆ ಕೋಲು

ಕೇಳ್ರಪ್ಪಾ, ಕೇಳ್ರವ್ವಾ. ಹೊಳೆ ಮಗ್ಗುಲು ಬದಲಾಯಿಸಿ ಮಲಗಿದ ತಾವೊಂದಿತ್ತು. ಅಲ್ಲಿ ನೀರು ಓಡುತ್ತಿರಲಿಲ್ಲ, ನಿದ್ದೆ ಮಾಡುತ್ತಿತ್ತು. ಆ ಮಡುವಿನ ದಡದಲ್ಲಿ ಬೆಸ್ತರ ಹಟ್ಟಿ. ಹಟ್ಟಿಯ ಕೊನೆ ಮನೆಯಲ್ಲಿ ದ್ಯಾವೀರಮ್ಮ ಅನ್ನೋ ತಾಯಿ, ಮೊಗಣ್ಣ ಅನ್ನೋ ಮಗ.

ಮೊಗಣ್ಣ ಮೀಸೆ ಬಂದ ಗಂಡಸು. ಮೈಯಲ್ಲಿ ಎತ್ತಿನ ಕಸುವು. ಬುದ್ಧಿ ಮಾತ್ರ ಹೊಳೆಯ ಮೇಲಿನ ಬೆಳಗಿನ ಮಂಜು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ. "ನಾಯಿ ಬಂದ್ರೆ ಓಡ್ಸು ಕಣ್ಲಾ" ಅಂತ ಹೇಳಿ ಅವ್ವ ನೀರಿಗೆ ಹೋದರೆ, ಬೆಕ್ಕು ಬಂದು ಒಣಗಲು ಹಾಕಿದ ಮೀನೆಲ್ಲ ತಿಂದು ಮೂತಿ ಒರೆಸಿಕೊಂಡು ಹೋಗುತ್ತಿತ್ತು. ಮೊಗಣ್ಣ ನೋಡುತ್ತಾ ಕೂತಿರುತ್ತಿದ್ದ.

"ನಾಯಿ ಬರ್ಲೇ ಇಲ್ಲ ಕಣವ್ವಾ!"

"ಅಯ್ಯೋ ನನ್ನ ಹೊಟ್ಟೆಯೇ!" ಅಂತ ದ್ಯಾವೀರಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಹಟ್ಟಿಯವರಿಗೆ ಹೊಲವಿಲ್ಲ, ಗದ್ದೆಯಿಲ್ಲ. ಮನೆಗೊಂದು ಬಂಡೆ. ದಡಕ್ಕೆ ಅಂಟಿಕೊಂಡು ನೀರೊಳಕ್ಕೆ ಮೂಗು ಚಾಚಿದ ಬಂಡೆ. ಅದರ ಮೇಲೆ ನಿಂತು ಗಾಳ ಹಾಕುವ ಹಕ್ಕು ಆ ಮನೆಯದು. ಬಂಡೆ ಇದ್ದರೆ ಗಂಜಿ ಇದೆ. ಬಂಡೆ ಹೋದರೆ ಕಂಡವರ ಮೀನುಬುಟ್ಟಿ ಹೊತ್ತು ಬದುಕಬೇಕು. ಬಂಡೆಯವನು ಸತ್ತರೆ ಒಂದು ಕಟ್ಟಳೆ. ಮುಂದಿನ ಗಂಗಮ್ಮನ ಪೂಜೆಯೊಳಗೆ ಅವನ ಮಗ ಅದೇ ಬಂಡೆಯ ಮೇಲೆ ನಿಂತು ಒಂದು ದೊಡ್ಡ ಬಾಳೆಮೀನು ಹಿಡಿದು ಯಜಮಾನನಿಗೆ ತೋರಿಸಬೇಕು. ಇಲ್ಲದಿದ್ದರೆ ಬಂಡೆ ಹಟ್ಟಿಗೆ ಸೇರಿತು.

ಹಟ್ಟಿಗೆ ಅಂದರೆ ಯಾರಿಗೆ? ಯಜಮಾನ ಸ್ವಾಮಣ್ಣ ಬೆರಳು ತೋರಿಸಿದವನಿಗೆ. ಸ್ವಾಮಣ್ಣನ ಬೆರಳು ಹುಟ್ಟಿದಾಗಿನಿಂದ ತನ್ನವರ ಕಡೆಗೇ ತಿರುಗಿಕೊಂಡಿತ್ತು. ಈಗ ಅದು ಅಳಿಯ ಕೆಂಡಯ್ಯನ ಕಡೆಗಿತ್ತು. ಕೆಂಡಯ್ಯನಿಗೆ ಪಕ್ಕದ ಬಂಡೆ ಆಗಲೇ ಇತ್ತು, ಅದರ ಪಕ್ಕದ್ದೂ ಇತ್ತು. ಇದ್ದವನಿಗೇ ಇನ್ನಷ್ಟು ಕೊಡುವುದಕ್ಕೆ ಇವರು ಇಟ್ಟುಕೊಂಡ ಹೆಸರು ಸಂಪ್ರದಾಯ.

ಆ ವರ್ಷ ಮೊಗಣ್ಣನ ಅಪ್ಪ ತೀರಿಕೊಂಡ. ಪೂಜೆ ಹತ್ತಿರ ಬಂತು.

ಮಡುವಿನ ಬಾಳೆಮೀನು ಅಂದರೆ ಆಳುದ್ದದ್ದು. ಎರೆಹುಳವನ್ನು ಮೂಸಿಯೂ ನೋಡದು. ಅದಕ್ಕೆ ಮರಮೀನೇ ಬೇಕು. ದ್ಯಾವೀರಮ್ಮ ಆಚಾರಿಯ ಕಾಲು ಹಿಡಿದು ಒಂದು ಮರಮೀನು ಕೆತ್ತಿಸಿದಳು. ಹಾಲುವಾಣದ ಮರದ್ದು, ಗೇಣಿಗಿಂತ ಉದ್ದ. ಹೊಟ್ಟೆಯಲ್ಲಿ ಸೀಸದ ಗುಂಡು, ಬೆನ್ನಿಗೆ ಅರಗಿನ ಬಣ್ಣ, ಬಾಲದ ಹತ್ತಿರ ಗಾಳ. ಮೊಗಣ್ಣ ಅದನ್ನು ಅಂಗೈ ಮೇಲೆ ಮಲಗಿಸಿಕೊಂಡು, "ಅವ್ವಾ, ಇದು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡುತ್ತೆ" ಅಂದ.

"ಅದು ಮಲ್ಗಿದ್ರೆ ನಾವು ಉಪವಾಸ ಮಲಗ್ಬೇಕು! ಕೇಳಿಲ್ಲಿ. ನಿಮ್ಮಪ್ಪನ ಕೋಲು ಗಿಡ್ಡ. ಹುಳ ಕಟ್ಟೋಕೆ ಸರಿ. ಈ ಮರಮೀನು ಭಾರ. ಗಿಡ್ಡ ಕೋಲಲ್ಲಿ ಜಗ್ಗಿದ್ರೆ ಮೂಗು ಅಲ್ಲಾಡಿಸಿ ಸುಮ್ನಾಗುತ್ತೆ. ಉದ್ದ ಕೋಲಾದ್ರೆ ಒಂದು ಜಗ್ಗಿಗೆ ಮಾರುದ್ದ ಎಡಕ್ಕೆ ಜಾರುತ್ತೆ, ಇನ್ನೊಂದು ಜಗ್ಗಿಗೆ ಮಾರುದ್ದ ಬಲಕ್ಕೆ. ಏಟು ತಿಂದ ಮೀನು ಒದ್ದಾಡ್ದಂಗೆ ಕಾಣುತ್ತೆ. ಆಗ ಬಾಳೆಮೀನು ಬಾಯಿ ಹಾಕುತ್ತೆ. ಮೇದರ ಗುರುಸಿದ್ದಣ್ಣನ ಹತ್ರ ಹೋಗು. ಗಟ್ಟಿಯಾಗಿರೋ, ನಿನಗಿಂತ ಉದ್ದ ಇರೋ ಕೋಲು ತಾ."

"ಸರಿ ಅವ್ವಾ" ಅಂದ ಮೊಗಣ್ಣ. ಒಂದು ಮೊರ ಒಣಸೀಗಡಿ ಹೊತ್ತುಕೊಂಡು ಹೊರಟ. ದಾರಿಯುದ್ದಕ್ಕೂ ಬಾಯಿಪಾಠ: "ನನಗಿಂತ ಉದ್ದ, ನನಗಿಂತ ಉದ್ದ."

ಮೇದರ ಗುರುಸಿದ್ದ ಬಿದಿರುಕೋಲುಗಳನ್ನೆಲ್ಲ ಗೋಡೆಗೆ ಒರಗಿಸಿದ. ಮೊಗಣ್ಣ ಅವುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಎದ್ದು ನಿಂತ್ಕೊಳಯ್ಯಾ, ಕೂತ್ಕೊಂಡು ಯಾರಾದ್ರೂ ಅಳೀತಾರಾ?"

"ಬಂಡೆ ಮೇಲೆ ನಾನು ಕೂತಿರೋನು ಕಣಣ್ಣಾ. ಕೂತೋನಿಗೆ ಕೂತ ಅಳತೆ."

ಗುರುಸಿದ್ದ ತಲೆ ಕೆರೆದುಕೊಂಡ. ಮಾತು ಸರಿಯಾಗಿಯೇ ಕೇಳಿಸಿತು. ಕೊಟ್ಟು ಕಳಿಸಿದ.

ಕೋಲು ನೋಡಿ ಅವ್ವ ಕಿರುಚಿದಳು. "ಇದೇನ್ಲಾ ಇದು! ಎಮ್ಮೆ ಹೊಡೆಯೋ ಕೋಲು!"

"ನನಗಿಂತ ಉದ್ದ ಐತೆ ಕಣವ್ವಾ. ನೋಡು ಬೇಕಾದ್ರೆ" ಅಂತ ಪಕ್ಕದಲ್ಲಿ ಕುಕ್ಕರಿಸಿ ತೋರಿಸಿದ.

"ಅಯ್ಯೋ ನನ್ನ ಹೊಟ್ಟೆಯೇ! ನಿಂತು ಅಳೀಬೇಕು ಕಣೋ! ನೆಟ್ಟಗೆ ನಿಂತು ಕೈ ಮೇಲೆತ್ತು. ಕೈಗೆ ತುದಿ ಸಿಗಬಾರದು. ತುದಿ ಕೈಗೆ ಸಿಕ್ತು ಅಂದ್ರೆ ಆ ಕೋಲು ನಮಗೆ ಬೇಡ, ಅಲ್ಲೇ ಬಿಟ್ಟು ಬಾ!"

"ಸರಿ ಅವ್ವಾ."

ಗಿಡ್ಡ ಕೋಲು ವಾಪಸ್ಸು ಕೊಟ್ಟ. ನಿಂತ, ಕೈ ಎತ್ತಿದ, ನೆಗೆಯಲಿಲ್ಲ, ಮೋಸ ಮಾಡಲಿಲ್ಲ. ತುದಿ ಸಿಗದ ಕೋಲೊಂದು ಸಿಕ್ಕಿತು. ಎಂಥ ಕೋಲು! ಒಲೆಯ ಹೊಗೆಯಲ್ಲಿ ಹಣ್ಣಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಬುಡ ಕೈತುಂಬ, ತುದಿ ಬಳುಕಿದರೂ ಮುರಿಯದು. ಗುರುಸಿದ್ದ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ.

ಮೊಗಣ್ಣ ಹೆಗಲಿಗೇರಿಸಿ ಹೊರಟ. ಕೋಲಿನ ತುದಿ ಹಿಂದೆ ಎಲ್ಲೋ ದೂರದಲ್ಲಿ ಇನ್ನೊಂದು ಊರಿನಲ್ಲಿದ್ದ ಹಾಗೆ ತೂಗುತ್ತಿತ್ತು. ಹೊಂಗೆಮರದ ನೆರಳಲ್ಲಿ ಅವನಿಗೆ ನಿದ್ದೆ ಎಳೆಯಿತು. ಕೋಲು ಮಲಗಿಸಿದ, ಪಕ್ಕದಲ್ಲಿ ತಾನೂ ಮಲಗಿದ. ಕನಸಿನಲ್ಲಿ ಮರಮೀನು ಹೊಂಗೆಯ ಎಲೆಗಳ ನಡುವೆ ಈಜಿತು. ಎಡಕ್ಕೆ ಮಾರುದ್ದ, ಬಲಕ್ಕೆ ಮಾರುದ್ದ. "ಮೊಗಣ್ಣಾ, ನೀನೂ ಬಾರೋ" ಅಂತ ಬಾಲ ಆಡಿಸಿತು. ಹಿಡಿಯಲು ಕೈ ಚಾಚಿದ. ಎಚ್ಚರಾಗಿ ನೋಡಿದರೆ ಅಂಗೈಯೊಳಗೆ ಕೋಲಿನ ತುದಿ!

ಮೊಗಣ್ಣ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. "ತುದಿ ಸಿಕ್ಬಿಡ್ತಲ್ಲಪ್ಪಾ!" ಅಂದ. ಕಣ್ಣಲ್ಲಿ ನೀರು ತುಂಬಿಕೊಂಡು, ಅಂಥ ಕೋಲನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ.

"ಕೋಲೆಲ್ಲೋ?"

"ತುದಿ ಕೈಗೆ ಸಿಕ್ತವ್ವಾ. ಬಿಟ್ಟು ಬಂದೆ."

ಅವ್ವನಿಗೆ ಅಳು ಬಂತು, ನಗುವೂ ಬಂತು, ಎರಡಕ್ಕಿಂತ ಮೊದಲು ಪೊರಕೆ ಬಂತು. "ಕೈಗೆ ಸಿಕ್ಕಿದ್ದನ್ನ ಬಿಟ್ಟು ಬರ್ತಾರೇನೋ ಮಂಕೇ! ನಮ್ಮಂಥೋರ ಕೈಗೆ ಸಿಗೋದೇ ಅಪರೂಪ. ಓಡು! ಕೋಲಿನ ಮೇಲೆ ಒಂದ್ಸಲ ಕೈ ಬಿತ್ತು ಅಂದ್ರೆ, ದೇವರೇ ಬಂದು ಕೇಳಿದ್ರೂ ಮನೆ ಸೇರೋ ತನಕ ಕೈ ಬಿಡಬೇಡ!"

"ಸರಿ ಅವ್ವಾ." ಓಡಿದ. "ಮನೆ ಸೇರೋ ತನಕ, ಮನೆ ಸೇರೋ ತನಕ."

ಕೋಲು ಹೊಂಗೆಯ ಕೆಳಗೆ ಇರಲಿಲ್ಲ. ದಾರಿಯಲ್ಲಿ ನಡೆದುಕೊಂಡು ಹೋಗುತ್ತಿತ್ತು. ಕೋಲಿನ ಮುಂದಿನ ಕೊನೆಯಲ್ಲಿ ಕೆಂಡಯ್ಯ ಇದ್ದ. ಮೊಗಣ್ಣ ಹಿಂದಿನಿಂದ ತುದಿ ಹಿಡಿದುಕೊಂಡ.

"ಬಿಡ್ಲಾ!" ಅಂದ ಕೆಂಡಯ್ಯ.

"ಬಿಡಕ್ಕಿಲ್ಲ. ಮನೆ ಸೇರೋ ತನಕ ಬಿಡಕ್ಕಿಲ್ಲ."

ಕೆಂಡಯ್ಯ ಜಗ್ಗಿದ, ಮೊಗಣ್ಣ ಬಿಡಲಿಲ್ಲ. ಕೆಂಡಯ್ಯ ಓಡಿದ, ಮೊಗಣ್ಣನೂ ಓಡಿದ. ಮುಂದೆ ಒಬ್ಬ, ಹಿಂದೆ ಒಬ್ಬ, ನಡುವೆ ಉದ್ದನೆ ಕೋಲು. ನೋಡಿದವರು ಯಾರದೋ ಹೆಣ ಅಂದುಕೊಂಡು ಪಕ್ಕಕ್ಕೆ ಸರಿದು ಕೈ ಮುಗಿದರು. ಕೊನೆಗೆ ಕೆಂಡಯ್ಯ ಸುಸ್ತಾಗಿ ಮಾವನ ಮನೆಯ ಹೊಸಿಲು ದಾಟಿದ. ಒಳಗೆ ಕಾಲಿಟ್ಟದ್ದೇ ತಡ, ಮೊಗಣ್ಣ ಕೈ ಬಿಟ್ಟ. ಕೆಂಡಯ್ಯ ಕೋಲಿನ ಸಮೇತ ಹೋಗಿ ಕಲಗಚ್ಚಿನ ಬಾನಿಗೆ ಬಿದ್ದ.

"ಕೋಲು ಮನೆ ಸೇರ್ತವ್ವಾ!" ಅಂತ ಮೊಗಣ್ಣ ಖುಷಿಯಾಗಿ ಬಂದು ಹೇಳಿದ.

"ಯಾರ ಮನೆಗೋ?"

"ಯಜಮಾನ್ರ ಮನೆಗೆ. ಭಾರಿ ಮನೆ ಕಣವ್ವಾ. ಮೂಲೇಲಿ ಇನ್ನೂ ಬೇಕಾದಷ್ಟು ಕೋಲು ಅವೆ. ಎಲ್ಲ ಹಿಂಗೇ ಬಂದವೇನೋ."

ಪೆದ್ದ ಆಡಿದ ಮಾತಲ್ಲಿ ಸುಳ್ಳೇನೂ ಇರಲಿಲ್ಲ. ದ್ಯಾವೀರಮ್ಮ ಸೆರಗು ಸೊಂಟಕ್ಕೆ ಬಿಗಿದು ಯಜಮಾನನ ಬಾಗಿಲಲ್ಲಿ ನಿಂತಳು. ಏನು ಬೈದಳು ಅಂತ ಇಲ್ಲಿ ಹೇಳುವ ಹಾಗಿಲ್ಲ, ಮಕ್ಕಳೂ ಕೇಳುತ್ತಿದ್ದಾರೆ. ಹಟ್ಟಿಗೆ ಹಟ್ಟಿಯೇ ಬಾಗಿಲಿಗೆ ಬಂದು ನಿಂತಿತು. ಮಾನಕ್ಕೆ ಅಂಜಿ ಸ್ವಾಮಣ್ಣ ಕೋಲನ್ನು ಹೊರಗೆ ಎಸೆದ.

ದಾರಿಯಲ್ಲಿ ಅವ್ವ ಮಗನಿಗೆ ಹೇಳಿದಳು. "ಇನ್ಮೇಲೆ ಏನೇ ಬಿಡೋ ಮುಂಚೆ, ಏನೇ ಹಿಡಿಯೋ ಮುಂಚೆ, ಇದು ಯಾರದು ಅಂತ ಕೇಳು. ನಿಂದು ಅಂದ್ರೆ ಹಿಡ್ಕೊ. ಬೇರೆಯೋರದು ಅಂದ್ರೆ ಬಿಡು. ತಿಳೀತಾ?"

"ತಿಳೀತವ್ವಾ."

ಮಾರನೆ ಬೆಳಗ್ಗೆ ಮಡುವಿನ ಮೇಲೆ ಮಂಜು ಇಳಿದಿತ್ತು. ಎಲ್ಲಿ ನೀರು, ಎಲ್ಲಿ ಆಕಾಶ ಗೊತ್ತಾಗುತ್ತಿರಲಿಲ್ಲ. ಮೊಗಣ್ಣ ಬಂಡೆಯ ಮೇಲೆ ನಿಂತು ಮರಮೀನನ್ನು ಎಸೆದ. ಪಕ್ಕದ ಬಂಡೆಯಲ್ಲಿ ಕೆಂಡಯ್ಯ ಬೀಡಿ ಸೇದುತ್ತಾ ಕೂತಿದ್ದ. ಮೊಗಣ್ಣ ಕೋಲಿನ ತುದಿಯನ್ನು ನೀರಿಗೆ ಬಗ್ಗಿಸಿದ. ಒಂದು ಜಗ್ಗು, ಒಂದು ಸಡಿಲ. ಮರಮೀನು ಎಡಕ್ಕೆ ಜಾರಿತು. ಒಂದು ಜಗ್ಗು, ಒಂದು ಸಡಿಲ. ಬಲಕ್ಕೆ ಜಾರಿತು. ಅಪ್ಪನ ಗಿಡ್ಡ ಕೋಲಿಗೆ ಇದು ಎಂದೂ ಆಗುತ್ತಿರಲಿಲ್ಲ. ಜಗ್ಗು, ಸಡಿಲ. ಜಗ್ಗು, ಸಡಿಲ. ಮೊಗಣ್ಣನಿಗೆ ತಾನು ತೊಟ್ಟಿಲು ತೂಗುತ್ತಿದ್ದೇನೆ ಅನ್ನಿಸಿತು. ತೊಟ್ಟಿಲಲ್ಲಿ ಹೊಳೆ ಮಲಗಿತ್ತು.

ಆಗ ಹಸಿರು ನೀರಿನ ತಳದಿಂದ ಇನ್ನೊಂದು ಹಸಿರು ಮೇಲೆ ಬಂತು. ಮೀಸೆ ಬಂತು, ಆಮೇಲೆ ಬಾಯಿ ಬಂತು, ಆಮೇಲೆ ಬರುತ್ತಲೇ ಇತ್ತು, ಮುಗಿಯದ ಮೈ. ಗಪ್ಪನೆ ಮರಮೀನನ್ನು ಹಿಡಿಯಿತು! ಕೋಲು ಬಿಲ್ಲಿನ ಹಾಗೆ ಬಾಗಿತು.

ಮೊಗಣ್ಣನಿಗೆ ಅವ್ವನ ಮಾತು ನೆನಪಾಯಿತು. ಬಗ್ಗಿ ಮರ್ಯಾದೆಯಿಂದ ಕೇಳಿದ: "ನೀನು ಯಾರದು?"

ಬಾಳೆಮೀನು ಬಾಯಿ ತೆರೆಯಿತು, ಮುಚ್ಚಿತು.

"ಈ ಮೀನು ಯಾರದೂ?" ಅಂತ ಮಂಜಿನೊಳಕ್ಕೆ ಕೂಗಿದ.

"ನಮ್ದು ಕಣ್ಲಾ!" ಅಂತ ಕೆಂಡಯ್ಯನ ದನಿ ಬಂತು.

"ಓ, ಹಂಗಾ?" ಅಂತ ಮೊಗಣ್ಣ ಕೋಲು ಸಡಿಲ ಬಿಟ್ಟ. ಬಾಳೆಮೀನು ಮರಮೀನನ್ನು ಉಗುಳಿ ಬಾಲ ಬೀಸಿ ಹೋಯಿತು. ಹೋಗುವಾಗ ಒಂದು ಸಲ ಹಿಂದಿರುಗಿ ನೋಡಿತು ಅಂತ ಮೊಗಣ್ಣ ಈಗಲೂ ಹೇಳುತ್ತಾನೆ.

ಅವ್ವ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ನೆಲಕ್ಕೆ ಕೂತುಬಿಟ್ಟಳು. "ಬಂಡೆ ಹೋದ್ರೆ ನಾನು ಆ ಕೆಂಡಯ್ಯನ ಬುಟ್ಟಿ ಹೊರ್ಬೇಕು ಕಣೋ, ಮೊಗಾ! ನಿಮ್ಮಪ್ಪನ ಬಂಡೆ ಮೇಲೆ ಅವನು ಹಿಡಿದ ಮೀನ ನಾನು ತಲೆ ಮೇಲೆ ಹೊತ್ತು ಮಾರ್ಬೇಕು!"

"ಅವನದು ಅಂದ್ನಲ್ಲವ್ವಾ?"

"ಅವನದು ಅಂತ ಮೀನಿನ ಬೆನ್ನ ಮೇಲೆ ಬರೆದಿತ್ತಾ? ಹೊಳೇಲಿರೋದನ್ನೆಲ್ಲ ನಮ್ದು ಅನ್ನೋಕೆ ಅವನೇನು ಹೊಳೆ ಹೆತ್ತವ್ನಾ? ಅವರಿಗೆ ಬಾಯಿ ದೊಡ್ಡದು, ಅಷ್ಟೇ. ಯಾರನ್ನೂ ಕೇಳಬೇಡ! ಗಾಳಕ್ಕೆ ಏನು ಸಿಕ್ಕುತ್ತೋ ಅದು ನಿಂದು. ದಡಕ್ಕೆ ಎಳಿ, ತಲೆ ಮೇಲೆ ಒಂದು ಕೊಡು, ಬುಟ್ಟಿಗೆ ತುಂಬು!"

"ಸರಿ ಅವ್ವಾ. ಎಳಿ, ಕೊಡು, ತುಂಬು. ಎಳಿ, ಕೊಡು, ತುಂಬು."

ಸಂಜೆ ಮತ್ತೆ ಬಂಡೆಗೆ ಹೋದ. ಯಜಮಾನ ಸ್ವಾಮಣ್ಣ ಜರಿಪೇಟ ಸುತ್ತಿಕೊಂಡು, ಬಂಡೆ ತನ್ನ ಅಳಿಯನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂತ ನೋಡಲು ಬಂದು ಹಿಂದೆ ನಿಂತ. ಹಳೆಯ ಗಿಡ್ಡ ಕೋಲಾಗಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಇದು ಉದ್ದನೆ ಕೋಲು. ಮೊಗಣ್ಣ ಬೀಸಿ ಎಸೆಯಲು ಕೋಲನ್ನು ಹಿಂದಕ್ಕೆ ತಂದಾಗ ಮರಮೀನು ಹೋಗಿ ಪೇಟಕ್ಕೆ ಕಚ್ಚಿತು.

ಮೊಗಣ್ಣ ಬೀಸಿದ. ಪೇಟ ಬಿಚ್ಚಿಕೊಂಡು, ಸುತ್ತು ಸುತ್ತಾಗಿ, ಸಂಜೆ ಬಿಸಿಲಿನಲ್ಲಿ ಮಿಂಚುತ್ತಾ ಹೊಳೆಯ ಮೇಲೆ ಹಾರಿತು. ಅಷ್ಟುದ್ದದ ಮೀನನ್ನು ಮೊಗಣ್ಣ ಕನಸಿನಲ್ಲೂ ಕಂಡಿರಲಿಲ್ಲ. ಪೇಟದ ಇನ್ನೊಂದು ಸೆರಗು ಯಜಮಾನನ ಕೈಯಲ್ಲಿತ್ತು. ಜರಿಪೇಟವಲ್ಲವೇ, ಬಿಡಲು ಮನಸ್ಸು ಬರಲಿಲ್ಲ. ಪೇಟದ ಹಿಂದೆಯೇ ಯಜಮಾನನೂ ನೀರಿಗೆ ಬಿದ್ದ.

"ಬಿಡೋ! ಬಿಡೋ!"

ಮೊಗಣ್ಣ ಯಾರನ್ನೂ ಕೇಳಲಿಲ್ಲ. ಎಳೆದ. ಯಜಮಾನ ದಡಕ್ಕೆ ಬಂದ. ಬೋಳುತಲೆ ತೊಯ್ದು ಹೊಳೆಯುತ್ತಿತ್ತು. ಮೊಗಣ್ಣ ಅಂಗೈಯಲ್ಲಿ ಪಟ್ಟನೆ ಒಂದು ಕೊಟ್ಟ. ಆಮೇಲೆ ಬುಟ್ಟಿ ತಂದ. ಬುಟ್ಟಿ ಚಿಕ್ಕದು, ತಲೆ ಮಾತ್ರ ಹಿಡಿಸಿತು.

"ನಾನು ಯಾರು ಗೊತ್ತಾ? ನಾನು ಯಾರು ಗೊತ್ತಾ?" ಅಂತ ಬುಟ್ಟಿಯೊಳಗಿಂದ ದನಿ ಬರುತ್ತಿತ್ತು.

"ಯಾರಾದ್ರೂ ಸರಿ. ಗಾಳಕ್ಕೆ ಸಿಕ್ಕಿದ್ದು ನಂದು" ಅಂದ ಮೊಗಣ್ಣ.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಎಷ್ಟೋ ವರ್ಷಗಳಿಂದ ಆ ತಲೆಗೆ ಒಂದು ಕೊಡಬೇಕು ಅಂತ ಅವರಲ್ಲಿ ಬಹಳ ಜನಕ್ಕೆ ಆಸೆಯಿತ್ತು.

ಗಲಾಟೆ ಕೇಳಿ ದ್ಯಾವೀರಮ್ಮ ಓಡಿ ಬರುವಷ್ಟರಲ್ಲಿ ಸ್ವಾಮಣ್ಣ ಬುಟ್ಟಿ ಕಿತ್ತೆಸೆದ. "ದ್ಯಾವೀರಮ್ಮಾ! ನಾಳೆ ಪೂಜೆ! ಗಂಗಮ್ಮನಿಗೆ ಆರತಿ ಎತ್ತೋದ್ರೊಳಗೆ ನಿನ್ನ ಮಗ ಮೀನು ತೋರಿಸ್ದೆ ಇದ್ರೆ, ಬಂಡೆ ಮೇಲೆ ನಿಮ್ಮ ನೆರಳೂ ಬೀಳ್ಬಾರ್ದು!"

ಅವ್ವ ಮಗನನ್ನು ಮನೆಗೆ ಕರೆದುಕೊಂಡು ಹೋದಳು. ಬೈಯಲು ಬಾಯಿ ತೆರೆದಳು, ನಗು ನುಗ್ಗಿ ಬಂತು. ಸೆರಗಲ್ಲಿ ಒರೆಸಿಕೊಂಡು ಮತ್ತೆ ಬೈದಳು. "ಹಿಂದೆ ನೋಡ್ಬೇಕು ಕಣೋ! ಗಿಡ್ಡ ಕೋಲಿಗೆ ಮುಂದೆ ನೋಡಿದ್ರೆ ಸಾಕು. ಉದ್ದ ಕೋಲು ಹಿಡಿದೋನು ಹಿಂದೂ ನೋಡ್ಬೇಕು. ದೊಡ್ಡೋರು ನಿಂತಿದ್ರೆ ಕೈ ಮುಗಿದು 'ದಾರಿ ಬಿಡಿ ಸ್ವಾಮಿ' ಅನ್ನು. ಅವರು ದಾರಿ ಬಿಟ್ಮೇಲೆ ನೀನು ಮುಂದುವರಿ."

"ಸರಿ ಅವ್ವಾ. ಹಿಂದೆ ನೋಡು, ಕೈ ಮುಗಿ, ಮುಂದುವರಿ."

ಪೂಜೆಯ ದಿನ ಹೊಳೆ ಹಾಲಿನ ಹಾಗಿತ್ತು. ಮೊಗಣ್ಣ ಎಲ್ಲರಿಗಿಂತ ಮುಂಚೆ ಬಂಡೆ ಹತ್ತಿದ. ಹಿಂದೆ ನೋಡಿದ, ಯಾರೂ ಇಲ್ಲ. ಎಸೆದ. ಜಗ್ಗು, ಸಡಿಲ. ಎಡಕ್ಕೆ, ಬಲಕ್ಕೆ. ಮಂಜಿನೊಳಗೆ ತಮಟೆ ಸದ್ದು ಹತ್ತಿರ ಬಂತು. ಹಟ್ಟಿಯವರೆಲ್ಲ ದಡಕ್ಕೆ ಬಂದು ನಿಂತರು. ಮುಂದೆ ಸ್ವಾಮಣ್ಣ, ಪೇಟ ಇಲ್ಲ. ಪಕ್ಕದಲ್ಲಿ ಹೊಸ ಪಂಚೆಯ ಕೆಂಡಯ್ಯ. ಆರತಿ ತಟ್ಟೆಯಲ್ಲಿ ಕರ್ಪೂರ ಇಟ್ಟಾಗಿತ್ತು.

"ಎಲ್ಲಿ ಮೀನು?" ಅಂದ ಸ್ವಾಮಣ್ಣ. "ಹಚ್ರೋ ಕರ್ಪೂರ!"

"ಇನ್ನೊಂದು ಚೂರು ತಡೀರಿ, ಬುದ್ಧೀ!" ಅಂದಳು ದ್ಯಾವೀರಮ್ಮ. ಅವಳು ಯಾರ ಮುಂದೆಯೂ ತಲೆ ತಗ್ಗಿಸಿ ಬುದ್ಧಿ ಅಂದವಳಲ್ಲ. ಆ ದಿನ ಅಂದಳು.

ಮೊಗಣ್ಣ ಜಗ್ಗಿದ. ಈ ಸಲ ಸಡಿಲ ಬಿಡಲು ಆಗಲಿಲ್ಲ. ಯಾರೋ ನೀರೊಳಗಿಂದ ಅವನನ್ನೇ ಜಗ್ಗುತ್ತಿದ್ದರು. ಕೋಲು ಬಾಗಿ ತುದಿ ನೀರು ಕುಡಿಯಿತು. ಜನ ಹೋ ಅಂದರು. ಬೇರೆ ಯಾರಾದರೂ ಆಗಿದ್ದರೆ ಆಗ ಹೊಳೆಯ ಕಡೆ ನೋಡುತ್ತಿದ್ದರು. ಮೊಗಣ್ಣ ಹಿಂದೆ ನೋಡಿದ. ಅಯ್ಯಪ್ಪಾ, ಎಷ್ಟೊಂದು ದೊಡ್ಡವರು! ಅವ್ವ ಹೇಳಿದ್ದು ಸರಿಯಾಗೇ ಇತ್ತು. ಪೂರ್ತಿ ಅವರ ಕಡೆಗೆ ತಿರುಗಿದ. ಕೋಲಿನ ಬುಡವನ್ನು ಹೆಗಲಿಗೇರಿಸಿ, ಅದರ ಸುತ್ತಲೇ ಎರಡೂ ಕೈ ಮುಗಿದ.

"ದಾರಿ ಬಿಡಿ ಸ್ವಾಮೀ!"

ಬೋಳುತಲೆಯನ್ನು ಎರಡು ಕೈಯಲ್ಲಿ ಮುಚ್ಚಿಕೊಂಡು ಮೊದಲು ಸರಿದವನು ಸ್ವಾಮಣ್ಣ. ಆಮೇಲೆ ಕೆಂಡಯ್ಯ. ಆಮೇಲೆ ಎಲ್ಲರೂ. ನಡುವೆ ದಾರಿಯಾಯಿತು. ದಾರಿ ಬಿಟ್ಟ ಮೇಲೆ ಮುಂದುವರಿಯಬೇಕಲ್ಲ, ಮೊಗಣ್ಣ ಮುಂದುವರಿದ. ಬಂಡೆಯಿಂದ ಇಳಿದ, ಮರಳು ದಾಟಿದ, ಏರಿ ಹತ್ತಿದ. ಹೆಗಲು ಕೀಳುವಷ್ಟು ಭಾರ. ಹಿಂದಿನಿಂದ ಜನ ಏನೇನೋ ಕೂಗುತ್ತಿದ್ದರು. ಎತ್ತು ನೇಗಿಲು ಎಳೆದ ಹಾಗೆ ಎಳೆದುಕೊಂಡು ನಡೆದ. ಹಿಂದಿರುಗಿ ನೋಡಲಿಲ್ಲ.

"ನಿಲ್ಲೋ ಮೊಗಾ! ಸಾಕು ನಿಲ್ಲೋ!"

ಅವ್ವನ ದನಿ. ನಿಂತ. ತಿರುಗಿ ನೋಡಿದ. ಮರಳಿನ ಮೇಲೆ ಉದ್ದಕ್ಕೆ ಒಂದು ಒದ್ದೆ ದಾರಿ. ದಾರಿಯ ಕೊನೆಯಲ್ಲಿ ಆಳುದ್ದದ ಬಾಳೆಮೀನು, ಬೆಳ್ಳಿ ಹೊಟ್ಟೆ ತೋರಿಸಿ ಬಾಯಿ ತೆರೆಯುತ್ತಾ ಮುಚ್ಚುತ್ತಾ ಮಲಗಿತ್ತು.

"ಇದು ಯಾವಾಗ ಬಂತವ್ವಾ?" ಅಂದ ಮೊಗಣ್ಣ.

ಅವ್ವ ಮಗನನ್ನು ತಬ್ಬಿಕೊಂಡು ಅತ್ತಳು. ಕೆಂಡಯ್ಯ ಮಾತ್ರ ಹಾರಾಡಿದ. "ಬಂಡೆ ಮೇಲೆ ನಿಂತು ಹಿಡೀಲಿಲ್ಲ! ನಡ್ಕೊಂಡು ಹೋಗ್ತಾ ಹಿಡ್ದ! ಇದು ನಡಿಯಾಕಿಲ್ಲ!"

"ಕಚ್ಚಿದಾಗ ಎಲ್ಲಿ ನಿಂತಿದ್ನೋ?" ಅಂದಳು ದ್ಯಾವೀರಮ್ಮ, ಕಣ್ಣು ಒರೆಸದೆಯೇ. "ಹೇಳು, ನಿನ್ನ ಕಣ್ಣೇನು ಬೇಯಿಸಿದ ಮೀನಿಂದಾ? ಬಂಡೆ ಮೇಲೆ ನಿಂತಿದ್ನೋ ಇಲ್ವೋ?"

"ನಿಂತಿದ್ದ! ನಿಂತಿದ್ದ!" ಅಂತ ಬಟ್ಟೆ ಒಗೆಯುವ ಹೆಂಗಸರು ಕೂಗಿದರು. ಅವರನ್ನು ಯಾರೂ ಕೇಳಿರಲಿಲ್ಲ. ಕೇಳುವವರೆಗೆ ಕಾದರೆ ಯಾರೂ ಎಂದೂ ಕೇಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಗಂಡಸರೂ ಕೂಗಿದರು. ತಮಟೆಯವನೂ ಎರಡು ಏಟು ಹಾಕಿದ.

ಸ್ವಾಮಣ್ಣ ಸುತ್ತ ನೋಡಿದ. ಬೆರಳು ತೋರಿಸಲು ಎಲ್ಲೂ ಜಾಗ ಕಾಣಲಿಲ್ಲ. ಹಲ್ಲು ಕಚ್ಚಿಕೊಂಡು ಕಿರುಚಿದ. "ಆಯ್ತು ಕಣಯ್ಯಾ, ಬಂಡೆ ನಿಮ್ದೇ! ತಗೊಂಡು ಹೋಗಿ ಮನೇಲಿಟ್ಕೊಳ್ಳಿ!"

"ಸರಿ ಸ್ವಾಮೀ" ಅಂದ ಮೊಗಣ್ಣ.

ಜನ ಮೀನನ್ನು ಹೊತ್ತು ಗಂಗಮ್ಮನ ಕಡೆಗೆ ಕುಣಿಯುತ್ತಾ ಹೋದರು. ಎಲ್ಲರಿಗೂ ಕೈ ಮುಗಿದು ಕಳಿಸಿ ದ್ಯಾವೀರಮ್ಮ ಹಿಂದಿರುಗಿದಾಗ ಮಗ ಬಂಡೆಗೆ ತೆಪ್ಪದ ಹಗ್ಗ ಸುತ್ತುತ್ತಿದ್ದ. ಹಗ್ಗದ ಕೊನೆಯನ್ನು ಕೋಲಿನ ಬುಡಕ್ಕೆ ಕಟ್ಟಿದ. ಕೋಲನ್ನು ಹೆಗಲಿಗೆ ಹಾಕಿ ಏರಿಯ ಕಡೆಗೆ ತಿರುಗಿದ. ಒಂದು ಜಗ್ಗು, ಒಂದು ಸಡಿಲ. ಒಂದು ಜಗ್ಗು, ಒಂದು ಸಡಿಲ.

"ಏನ್ಲಾ ಮಾಡ್ತಿದ್ದೀಯಾ?"

"ಮನೇಲಿಟ್ಕೊಳ್ಳಿ ಅಂದ್ರಲ್ಲವ್ವಾ, ಯಜಮಾನ್ರು. ಅವರ ಮನಸ್ಸು ಬದಲಾಗೋದ್ರೊಳಗೆ ಸಾಗಿಸ್ಬೇಕು."

ಬೈಗುಳ ಬರುತ್ತದೆ ಅಂತ ಮೊಗಣ್ಣ ತಲೆ ಬಗ್ಗಿಸಿ ನಿಂತ. ಬರಲಿಲ್ಲ. ಅವ್ವ ಅವನನ್ನೇ ನೋಡಿದಳು. ಬಂಡೆ ನೋಡಿದಳು. ಬಂಡೆ ಹತ್ತಿ ಅದರ ಮೂಗಿನ ಮೇಲೆ ಕೂತು ಕಾಲು ನೀರಿಗೆ ಇಳಿಬಿಟ್ಟಳು. ಎಷ್ಟೋ ದಿನದ ದಣಿವು. ನೀರು ಬೆರಳುಗಳ ನಡುವೆ ಮೆಲ್ಲಗೆ ಸರಿಯಿತು.

"ಎಳಿ ಮಗಾ, ಎಳಿ" ಅಂದಳು. ಕಣ್ಣು ಅರೆ ಮುಚ್ಚಿತ್ತು. "ಸರಿಯೋ ನೀರು ನೋಡ್ತಾ ಕೂತ್ರೆ ಬಂಡೆನೇ ಹೋಗ್ತಾ ಇದೆ ಅನ್ಸುತ್ತೆ. ಆದ್ರೆ ನಮ್ಮ ಬಾಗ್ಲಲ್ಲಿ ಇದು ಹಿಡಿಸಲ್ಲ ಕಣೋ. ಹೊಳೆ ಕಡೆ ಗೋಡೆನೇ ಕೆಡವ್ಬೇಕಾಗುತ್ತೆ."

"ಸರಿ ಅವ್ವಾ" ಅಂದ ಮೊಗಣ್ಣ.

ಕೋಲು ಇಳಿಸಿ ಮನೆಗೆ ಓಡಿದ. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡ. ಹೊಳೆಯ ಕಡೆಯ ಮಣ್ಣುಗೋಡೆಗೆ ಒಂದು ಪೆಟ್ಟು ಹಾಕಿದ. ದೊಡ್ಡ ಹೆಂಟೆ ಉರುಳಿತು. ಕತ್ತಲ ಮನೆಯೊಳಕ್ಕೆ ಬೆಳಕು ಬಂತು, ಮಂಜು ಬಂತು, ನೀರಿನ ವಾಸನೆ ಬಂತು. ತೂತಿನಲ್ಲಿ ಇಣುಕಿದ.

ಅಗೋ, ಬಿಳಿ ಮಂಜಿನಲ್ಲಿ ಬಂಡೆ ತೇಲುತ್ತಿತ್ತು. ಬಂಡೆಯ ಮೇಲೆ ಅವ್ವ ಎದ್ದು ನಿಂತಿದ್ದಳು. ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸುತ್ತಿದ್ದಳು. ಏನೋ ಕೂಗುತ್ತಿದ್ದಳು, ಇಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ.

ಮೊಗಣ್ಣ ತೂತಿನ ಅಗಲ ನೋಡಿದ, ಬಂಡೆಯ ಅಗಲ ನೋಡಿದ.

"ಬಾ ಅವ್ವಾ, ಬಾ! ಇನ್ನೊಂಚೂರು ಎಡಕ್ಕೆ!" ಅಂತ ಕೂಗಿ, ಎರಡನೇ ಪೆಟ್ಟು ಹಾಕಿದ.